ಓಪಿಡಿಯಲ್ಲಿ ಹುಟ್ಟಿದ ಪ್ರಶ್ನೆ

ಮಗಳೇ, ನಿನ್ನ ತಾಲ್ಲೂಕಿನ ಏಳು ಪ್ರಾಥಮಿಕ ಆರೋಗ್ಯ ಕೇಂದ್ರಗಳು ಸೇರಿ ಸಂಶೋಧನೆ ಮಾಡಬೇಕೆಂದಿದ್ದೀಯ. ಕೇಳಿ ತುಂಬ ಸಂತೋಷವಾಯಿತು. ಅನುದಾನ, ಸಾಫ್ಟ್‌ವೇರ್ ಬಗ್ಗೆ ನೀನು ಕೇಳಿದೆ. ಅವು ಆಮೇಲಿನ ಮಾತು. ಮೊದಲು, ಯಾರ ಪ್ರಶ್ನೆಗೆ ಉತ್ತರ ಹುಡುಕುತ್ತೀರಿ?

ತುಮಕೂರಿನ ಕಥೆ ನಿನಗೆ ಗೊತ್ತಿರಲಿ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯಿತು. ಹಳ್ಳಿಯವರು ಕೆಮ್ಮನ್ನು ಲೆಕ್ಕಕ್ಕಿಡುವುದಿಲ್ಲ, ನಾವೇ ಎಕ್ಸ್‌ರೇ ಗಾಡಿ ಒಯ್ದು ರೋಗಿಗಳನ್ನು ಹುಡುಕಬೇಕು ಎಂದು ಆಗ ಎಷ್ಟೋ ತಜ್ಞರು ನಂಬಿದ್ದರು. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ರೋಗಿಗಳನ್ನೇ ಕೂರಿಸಿಕೊಂಡು ಕೇಳಿದರು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿಯ ಸೀಸೆ! ತಪ್ಪು ಜನರದಾಗಿರಲಿಲ್ಲ, ವೈದ್ಯರಾದ ನಮ್ಮದಾಗಿತ್ತು. ಆ ಸಂಸ್ಥೆಯ ಇಂಥ ಕೆಲಸದ ಮೇಲೆಯೇ 1962ರ ಜಿಲ್ಲಾ ಕ್ಷಯರೋಗ ಕಾರ್ಯಕ್ರಮ ನಿಂತಿತು: ಕೆಮ್ಮುತ್ತ ಬಂದವರ ಕಫವನ್ನು ಸಾಮಾನ್ಯ ಆಸ್ಪತ್ರೆಯಲ್ಲೇ ಮೈಕ್ರೋಸ್ಕೋಪಿನಲ್ಲಿ ನೋಡುವುದು.

ನಿಮ್ಮ ಪ್ರಶ್ನೆಯೂ ಹಾಗೆ ಓಪಿಡಿಯ ಬಾಗಿಲಲ್ಲೇ ಹುಟ್ಟಲಿ. ಬಿಪಿ ಮಾತ್ರೆ ಒಯ್ದವರು ಮೂರನೇ ತಿಂಗಳು ಏಕೆ ಬರುವುದಿಲ್ಲ? ಒಂದೇ ಕೇಂದ್ರದಲ್ಲಿ ಅಂಥವರು ಬೆರಳೆಣಿಕೆಯಷ್ಟಿದ್ದರೆ ಏನನ್ನೂ ಹೇಳಲಾಗದು. ಏಳು ಕೇಂದ್ರ ಸೇರಿದರೆ ಲೆಕ್ಕಕ್ಕೆ ಬಲ ಬರುತ್ತದೆ.

ಆದರೆ ಏಳೂ ಕಡೆ ಅಳತೆ ಒಂದೇ ಇರಬೇಕು. ಇಲ್ಲಿ ಅವಸರಪಡಬೇಡ. ಒಬ್ಬರು ರೋಗಿ ಬಿಸಿಲಲ್ಲಿ ನಡೆದು ಬಂದ ಕೂಡಲೇ ಬಿಪಿ ನೋಡುತ್ತಾರೆ, ಇನ್ನೊಬ್ಬರು ಐದು ನಿಮಿಷ ಕೂರಿಸಿ ನೋಡುತ್ತಾರೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಹೆಚ್ಚು ತೋರಿಸುತ್ತದೆ. ಕೆಲವು ರಿಜಿಸ್ಟರುಗಳಲ್ಲಿ ಎಲ್ಲರದೂ 120, 130, 140, ಸೊನ್ನೆಯಲ್ಲೇ ಮುಗಿಯುತ್ತದೆ. ಅಂಥ ಲೆಕ್ಕವನ್ನು ಯಾವ ಕಂಪ್ಯೂಟರೂ ಸರಿಮಾಡಲಾರದು. ಮೊದಲ ಎರಡು ತಿಂಗಳು ಅಳೆಯುವುದು, ಬರೆಯುವುದು ಇಷ್ಟನ್ನೇ ಎಲ್ಲರೂ ಒಟ್ಟಿಗೆ ಕಲಿಯಿರಿ.

ಬರೆಯುವವರು ಯಾರು? ನೀನಲ್ಲ, ನಿಮ್ಮ ಸಿಸ್ಟರ್, ಲ್ಯಾಬಿನವರು, ಆಶಾ ಕಾರ್ಯಕರ್ತೆ. ಅವರ ಮೇಲೆ ಹತ್ತು ರಿಜಿಸ್ಟರುಗಳ ಭಾರ ಆಗಲೇ ಇದೆ. ಹನ್ನೊಂದನೆಯದನ್ನು ಹೇರಬೇಡ, ಇರುವುದರಲ್ಲೇ ಎರಡು ಅಂಕಣ ಹೆಚ್ಚಿಸಲು ಆಗುತ್ತದೆಯೇ ನೋಡು. ಪ್ರಬಂಧದಲ್ಲಿ ಯಾರ ಹೆಸರಿರಬೇಕೆಂದು ಈಗಲೇ ಮಾತಾಡಿಕೊಳ್ಳಿ.

ಎಥಿಕ್ಸ್ ಕಮಿಟಿಯ ಒಪ್ಪಿಗೆಯಿಲ್ಲದೆ ಒಂದು ಹೆಜ್ಜೆಯನ್ನೂ ಇಡಬೇಡ. ಒಪ್ಪಿಗೆ ಪತ್ರವನ್ನು ರೋಗಿಗಳಿಗೆ ಅವರಾಡುವ ಕನ್ನಡದಲ್ಲಿ ಓದಿ ಹೇಳಿ. ಬೇಡವೆಂದರೂ ಚಿಕಿತ್ಸೆ ಸಿಗುತ್ತದೆಂಬುದು ಅವರಿಗೆ ಅರ್ಥವಾಗುವವರೆಗೆ ಹೆಬ್ಬೆಟ್ಟು ಒತ್ತಿಸಬೇಡ.

ನನ್ನ ಮನಸ್ಸಿನಲ್ಲಿ ಇನ್ನೂ ಕೊರೆಯುವ ಸಂಗತಿಯೊಂದಿದೆ. ನಾನು ಹಳ್ಳಿಯಲ್ಲಿದ್ದಾಗ ದೊಡ್ಡ ಊರಿನ ತಂಡವೊಂದು ಬಂದು ನಮ್ಮ ಜನರ ರಕ್ತ ತೆಗೆದುಕೊಂಡು ಹೋಯಿತು. ಏನು ಗೊತ್ತಾಯಿತೆಂದು ಯಾರೂ ತಿರುಗಿ ಬಂದು ಹೇಳಲಿಲ್ಲ. ‘ನನ್ನ ರಕ್ತದಲ್ಲಿ ಏನಿತ್ತಂತೆ, ಡಾಕ್ಟ್ರೇ?’ ಎಂದು ಒಬ್ಬ ಅಜ್ಜಿ ಎಷ್ಟೋ ದಿನ ಕೇಳುತ್ತಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ನಿಮ್ಮ ಫಲಿತಾಂಶ ಸಂಶೋಧನಾ ಪತ್ರಿಕೆಗೆ ಹೋಗುವ ಮೊದಲು ಗ್ರಾಮಸಭೆಗೆ ಹೋಗಲಿ.

ಮುಂದಿನ ವಾರ ಏಳೂ ವೈದ್ಯರು ಸೇರುತ್ತೀರಂತೆ. ಓಪಿಡಿ ರಿಜಿಸ್ಟರುಗಳನ್ನು ತರಿಸಿಕೋ. ಸಿಸ್ಟರುಗಳನ್ನೂ ಆಶಾ ಅವರನ್ನೂ ಕರೆ, ಮೊದಲು ಅವರೇ ಮಾತಾಡಲಿ.