ಅನ್ನದ ಹಾದಿಯಲ್ಲಿ ಕ್ಷಯ

ರಾಗಿಯ ಮುದ್ದೆಯನ್ನು ಅಗಿದು ತಿನ್ನುವ ವಾಡಿಕೆ ನಮ್ಮ ತುಮಕೂರು ಸೀಮೆಯಲ್ಲಿಲ್ಲ. ಸಾರಿನಲ್ಲಿ ಹೊರಳಿಸಿದ ತುತ್ತನ್ನು ನಾಲಿಗೆ ಹಿಂದಕ್ಕೆ ತಳ್ಳುತ್ತದೆ, ಗಂಟಲು ಅದನ್ನು ಬರಮಾಡಿಕೊಳ್ಳುತ್ತದೆ, ಅಲ್ಲಿಂದ ಮುಂದಿನ ವ್ಯಾಪಾರವು ಉಣ್ಣುವವನ ಅರಿವಿಗೆ ಬರುವುದೇ ಇಲ್ಲ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಕೆಲವು ವರ್ಷಗಳ ತರುವಾಯ, ಆ ಅರಿವಿಗೆ ಬಾರದ ಹಾದಿಯೇ ನನ್ನ ಚಿತ್ತವನ್ನೆಲ್ಲ ಆಕ್ರಮಿಸಿಕೊಂಡಿತು. ತುತ್ತು ಗಂಟಲನ್ನು ದಾಟಿ, ಎದೆಯ ನಡುಮೂಳೆಯ ಹಿಂದೆ ಒಂದೆಡೆ ನಿಂತು, ನೋಯಿಸಿ, ನೀರು ಕುಡಿದ ಮೇಲೆ ಮೆಲ್ಲನೆ ಇಳಿಯುತ್ತಿತ್ತು. ಸಾಯಂಕಾಲಗಳಲ್ಲಿ ಮೈ ಬೆಚ್ಚಗಾಗುತ್ತಿದ್ದುದುಂಟು; ಕೆಮ್ಮಾಗಲಿ ಕಫವಾಗಲಿ ಇರಲಿಲ್ಲ. ನೆಂಟರಿಷ್ಟರೆಲ್ಲ ಗ್ಯಾಸ್ಟ್ರಿಕ್ ಎಂದರು. ಮೊದಲು ಕಂಡ ವೈದ್ಯರೂ ಅದನ್ನೇ ಅನುಮೋದಿಸಿ ಗುಲಾಬಿ ಬಣ್ಣದ ಔಷಧದ ಸೀಸೆಯೊಂದನ್ನು ಕೊಟ್ಟು ಕಳುಹಿದರು. ಮುದ್ದೆ ಹೋಗಿ ಅನ್ನವಾಯಿತು, ಅನ್ನ ಹೋಗಿ ಗಂಜಿಯಾಯಿತು. ಕಡೆಗೆ ಮನೆಯಾಕೆ, "ಏನ್ರೀ, ತಟ್ಟೆ ನೋಡಿದ್ರೆ ಗೊತ್ತಾಗೋಲ್ವೆ? ದೊಡ್ಡಾಸ್ಪತ್ರೆಗೆ ಹೋಗೋಣ ನಡೀರಿ" ಎಂದು ಹೊರಡಿಸಿದಳು.

ಎಂಡೋಸ್ಕೋಪಿ ಮಾಡಿದಾಗ ಅನ್ನನಾಳದ ನಡುಭಾಗದಲ್ಲಿ, ಶ್ವಾಸನಾಳವು ಎರಡಾಗಿ ಕವಲೊಡೆಯುವ ಎತ್ತರದಲ್ಲಿ, ಅಂಚು ಏರುಪೇರಾದ ಹುಣ್ಣೊಂದು ಕಂಡಿತು. ನನ್ನ ವಯಸ್ಸಿನವರಿಗೆ ಆ ಸ್ಥಳದಲ್ಲಿ ಹುಣ್ಣಾದರೆ ಮೊದಲು ಮನಸ್ಸಿಗೆ ಬರುವುದು ಕ್ಯಾನ್ಸರ್. ಚಿವುಟಿ ತೆಗೆದ ಚೂರುಗಳ ವರದಿ ಬರುವ ಪರ್ಯಂತ ಮನೆಯಲ್ಲಿ ಯಾರೂ ಆ ಹೆಸರನ್ನು ಉಚ್ಚರಿಸಲಿಲ್ಲ. ವರದಿಯಲ್ಲಿ ಕ್ಯಾನ್ಸರಿನ ಲಕ್ಷಣವಿಲ್ಲವೆಂದೂ ಯಾವ ರೋಗದ್ದೆಂದು ನಿರ್ಧರಿಸಲಾಗದ ಉರಿಯೂತ ಮಾತ್ರ ಇದೆಯೆಂದೂ ಬರೆದಿತ್ತು. ನಮ್ಮವರು ದೇವರಿಗೆ ತುಪ್ಪದ ದೀಪ ಹಚ್ಚಿದರು. ನನ್ನ ಮಗಳ ವಯಸ್ಸಿನವರಾದ ವೈದ್ಯೆಯೊಬ್ಬರು ಮಾತ್ರ ಆ ಹರ್ಷದಲ್ಲಿ ಪಾಲುಗೊಳ್ಳದೆ, "ಮೇಷ್ಟ್ರೇ, ಏನಲ್ಲ ಅನ್ನೋದು ಗೊತ್ತಾಯ್ತು. ಏನು ಅನ್ನೋದು ಗೊತ್ತಾಗ್ಬೇಕಲ್ಲ, ಇನ್ನೊಂದ್ಸಲ ನೋಡ್ತೀನಿ" ಎಂದರು.

ಸಿ.ಟಿ. ಸ್ಕ್ಯಾನಿನಲ್ಲಿ, ಶ್ವಾಸನಾಳದ ಕವಲಿನ ಕೆಳಗೆ, ಅನ್ನನಾಳಕ್ಕೆ ಒತ್ತಿಕೊಂಡು, ಊದಿದ ದುಗ್ಧರಸ ಗ್ರಂಥಿಗಳು ಕಂಡವು. ಎರಡನೆಯ ಎಂಡೋಸ್ಕೋಪಿಗೆ ಮುನ್ನ ಮೇಜಿನ ಮೇಲೆ ಎರಡು ಪುಟ್ಟ ಸೀಸೆಗಳನ್ನಿರಿಸಿದ್ದರು: ಒಂದರಲ್ಲಿ ಫಾರ್ಮಲಿನ್, ಮತ್ತೊಂದರಲ್ಲಿ ಬರಿಯ ಸಲೈನ್. ಫಾರ್ಮಲಿನ್ನಿಗೆ ಬಿದ್ದ ಚೂರಿನ ಅಂಗರಚನೆ ಕೆಡದೆ ನಿಲ್ಲುತ್ತದೆಯಾದರೂ ಅದರೊಳಗಿನ ರೋಗಾಣು ಸಾಯುತ್ತದೆ, ಸತ್ತ ರೋಗಾಣುವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ನೋಡಲಾಗದು ಎಂದು ಆಕೆ ವಿವರಿಸಿದರು. ಮೊದಲ ಸಲದ ಚೂರುಗಳೆಲ್ಲ ಫಾರ್ಮಲಿನ್ನಿಗೇ ಹೋಗಿದ್ದುವು. ಅಲ್ಲದೆ ಆಕೆ ಶಂಕಿಸಿದ್ದ ಕ್ಷಯವು ಬಹುವಾಗಿ ಒಳಪೊರೆಯ ಕೆಳಗಿನ ಪದರದಲ್ಲಿ ಅಡಗಿರುವುದರಿಂದ, ಮೇಲುಮೇಲಿನ ಚೂರಿನಲ್ಲಿ ಸಿಕ್ಕದೆ ಹೋಗುವುದೂ ಉಂಟು. ಈ ಸಾರಿ ಆಳದಿಂದ ತೆಗೆದ ಚೂರಿನಲ್ಲಿ ಗ್ರಾನುಲೋಮಗಳೆಂಬ ಉರಿಯೂತದ ಪುಟ್ಟ ಗಂಟುಗಳು ಕಂಡವು. ಸಲೈನ್ ಸೀಸೆಯದು ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಯಲ್ಲಿ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟಿತು.

ಅನ್ನನಾಳಕ್ಕೆ ಬ್ಯಾಕ್ಟೀರಿಯಾದ ಸೋಂಕು ತಗಲುವುದು ಅಪರೂಪ. ಸೋಂಕು ತಗಲಿದರೂ ಅದು ಸಾಮಾನ್ಯವಾಗಿ ಕ್ಯಾಂಡಿಡಾ ಎಂಬ ಶಿಲೀಂಧ್ರದ್ದು, ಇಲ್ಲವೇ ವೈರಸ್ಸಿನದು. ಅದೂ ದೇಹದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಹೆಚ್ಚು. ಸುಮಾರು 25 ಸೆಂಟಿಮೀಟರ್ ಉದ್ದದ ಈ ನಾಳದ ಒಳಗೋಡೆಗೆ ಪದರ ಪದರವಾದ ಗಟ್ಟಿ ಹೊದಿಕೆಯಿದೆ, ಲಾಲಾರಸ ಅದನ್ನು ಎಡೆಬಿಡದೆ ತೊಳೆಯುತ್ತದೆ, ಸ್ನಾಯುಗಳ ಅಲೆ ಬಂದುದನ್ನೆಲ್ಲ ಕ್ಷಣಗಳಲ್ಲಿ ಜಠರಕ್ಕೆ ಸಾಗಿಸುತ್ತದೆ; ರೋಗಾಣುವಿಗೆ ನೆಲೆಯೂರಲು ಅವಕಾಶವೆಲ್ಲಿ? ಹಾಗಿದ್ದೂ ಬಾಯಲ್ಲಿ ಸಹಜವಾಗಿ ವಾಸಿಸುವ ಆಕ್ಟಿನೋಮೈಸಿಸ್ ಎಂಬ ಬ್ಯಾಕ್ಟೀರಿಯಾ ಒಮ್ಮೊಮ್ಮೆ ಗಾಯದ ಮೂಲಕ ಒಳಹೊಕ್ಕು ಬೇರೂರುತ್ತದೆ. ಕ್ಷಯವಾದರೋ ಬಹುಮಟ್ಟಿಗೆ ಹಿತ್ತಿಲ ಬಾಗಿಲಿನಿಂದ ಬರುವ ಕಳ್ಳ: ಪಕ್ಕದ ಗ್ರಂಥಿಯಲ್ಲಿ ಹುದುಗಿದ್ದು, ಅಲ್ಲಿಂದ ನಾಳದ ಗೋಡೆಯನ್ನು ಕೊರೆದು ಒಳಬರುತ್ತದೆ. ಉಪೇಕ್ಷಿಸಿದರೆ ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ರಂಧ್ರವಾಗಿ, ಕುಡಿದ ನೀರಿಗೆಲ್ಲ ಕೆಮ್ಮು ಬರುವ ದುರವಸ್ಥೆಯೂ ಒದಗಬಹುದು.

ರೋಗದ ಹೆಸರು ತಿಳಿದ ಮೇಲೆ ಚಿಕಿತ್ಸೆಯಲ್ಲಿ ಅಪೂರ್ವವಾದುದೇನೂ ಇರಲಿಲ್ಲ. ನನ್ನ ಹಿರಿಯರ ಕಾಲಕ್ಕೆ ಕ್ಷಯವೆಂದರೆ ಸ್ಯಾನಟೋರಿಯಂ ವಾಸ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಪ್ರಯೋಗವು ಮನೆಯಲ್ಲಿದ್ದು ಔಷಧ ಸೇವಿಸಿದರೂ ಗುಣ ಅಷ್ಟೇ ದೊರೆಯುತ್ತದೆಂದು ಸಾಬೀತುಪಡಿಸಿದ ಕಾರಣ, ನಾನು ನನ್ನ ಮನೆಯ ಪಡಸಾಲೆಯಲ್ಲೇ ಗುಣ ಹೊಂದಿದೆ. ಎರಡು ತಿಂಗಳು ನಾಲ್ಕು ಔಷಧಗಳು, ಅನಂತರ ನಾಲ್ಕು ತಿಂಗಳು ಮೂರು, ಸರ್ಕಾರದಿಂದ ಉಚಿತ. ನುಂಗಲಾರದವನಿಗೆ ಅಷ್ಟು ದಪ್ಪ ಮಾತ್ರೆಗಳನ್ನು ವಿಧಿಸಿದುದು ವಿಧಿಯ ವಿನೋದವೇ ಸರಿ. ನೆಟ್ಟಗೆ ಕುಳಿತು, ಯಥೇಷ್ಟ ನೀರು ಕುಡಿದು, ಕೂಡಲೇ ಮಲಗದಿರುವ ಶಿಸ್ತನ್ನು ಆಗ ಕಲಿತೆ. ಮೂತ್ರ ಕಿತ್ತಳೆಯ ಬಣ್ಣಕ್ಕೆ ತಿರುಗಿದರೆ ಗಾಬರಿಪಡಬೇಕಾಗಿಲ್ಲ, ಅದು ರಿಫಾಂಪಿಸಿನ್ನಿನ ಗುಣ. ದೃಷ್ಟಿ ಮಂಜಾದರೆ, ಕಣ್ಣು ಹಳದಿಯಾದರೆ ಮಾತ್ರ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಅತ್ತಿಗೆಯವರು ನನಗೆಂದು ಬೇರೆ ತಟ್ಟೆ ಲೋಟಗಳನ್ನು ಎತ್ತಿಟ್ಟಿದ್ದರು. ಶ್ವಾಸಕೋಶ ಶುದ್ಧವಾಗಿದೆ, ಕೆಮ್ಮಿಲ್ಲ, ತಟ್ಟೆ ಲೋಟಗಳಿಂದ ಕ್ಷಯ ಹರಡುವುದೂ ಇಲ್ಲ ಎಂದು ಆಶಾ ಕಾರ್ಯಕರ್ತೆ ಬಂದು ತಿಳಿಹೇಳಿದ ಮೇಲೆ ಅವು ಮತ್ತೆ ಎಲ್ಲರ ಪಾತ್ರೆಗಳೊಡನೆ ಸೇರಿಹೋದುವು. ಕೆಲವು ವಾರಗಳಲ್ಲಿ ಗಂಜಿ ಅನ್ನವಾಯಿತು.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ವಿದ್ವಾಂಸರು ನಮ್ಮ ತುಮಕೂರು ಜಿಲ್ಲೆಯಲ್ಲೇ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಚೇತರಿಸಿಕೊಳ್ಳುತ್ತಿದ್ದಾಗ ಓದಿದೆ. ಹಳ್ಳಿಗರಿಗೆ ರೋಗದ ಪರಿವೆಯಿಲ್ಲವೆಂದು ಎಲ್ಲರೂ ಎಣಿಸಿದ್ದ ಕಾಲದಲ್ಲಿ, ರೋಗಿಗಳಲ್ಲಿ ಹೆಚ್ಚಿನವರು ತಮ್ಮ ಲಕ್ಷಣಗಳನ್ನು ಅರಿತಿದ್ದರೆಂದೂ, ಅರ್ಧಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆಯನ್ನು ಅರಸಿ ಹೋಗಿದ್ದರೆಂದೂ, ಅವರಿಗೆ ಸಾಮಾನ್ಯವಾಗಿ ದೊರೆತದ್ದು ಕೆಮ್ಮಿನ ಔಷಧದ ಸೀಸೆಯೆಂದೂ ಅದು ತೋರಿಸಿತು. ಅವರಿಗೆ ಕೆಮ್ಮಿನ ಸೀಸೆ, ನನಗೆ ಗುಲಾಬಿ ಸೀಸೆ. ಇಷ್ಟು ವರ್ಷಗಳಾದರೂ ರೋಗಿ ಬಾಗಿಲಿಗೆ ಬಂದು ನಿಂತ ಮೇಲೂ ವೈದ್ಯರ ಪ್ರಶ್ನೆ ಬೇಗನೆ ಮುಗಿದುಹೋಗುತ್ತದೆ. ನನಗೆ ಬಂದ ರೋಗ ನಮ್ಮ ನಾಡಿನಲ್ಲಿ ಅತಿ ಸಾಮಾನ್ಯ, ಔಷಧ ಅದಕ್ಕಿಂತಲೂ ಸುಲಭ; ವಿರಳವಾದುದು ಅದು ಕುಳಿತ ಜಾಗವೊಂದೇ. ಆದುದರಿಂದ ನುಂಗುವ ತೊಂದರೆಯುಳ್ಳವರಿಗೆ ನಾನು ಹೇಳುವುದಿಷ್ಟು: ತುತ್ತು ಎಲ್ಲಿ ನಿಲ್ಲುತ್ತದೆಂಬುದನ್ನು ಬೆರಳಿಟ್ಟು ತೋರಿಸಿರಿ, ಕ್ಯಾನ್ಸರ್ ಅಲ್ಲವೆಂದು ವರದಿ ಬಂದರೆ ಸಂತೋಷಪಡಿರಿ, ಸಂತೋಷಪಟ್ಟ ಮೇಲೆ, ಚೂರೊಂದನ್ನು ಟಿ.ಬಿ. ಪರೀಕ್ಷೆಗೂ ಕಳುಹಿಸಿದ್ದೀರಾ ಎಂದು ಸಂಕೋಚವಿಲ್ಲದೆ ಕೇಳಿರಿ.