ಒಂದೇ ರಾತ್ರಿ ಎರಡು ಸೋಲು

ಮಗೂ,

ನೀನು ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುತ್ತೀಯೆಂದು ಗೊತ್ತು. ತಿಳಿಯದ ಕಡೆ ಅಮ್ಮನನ್ನು ಕೇಳು, ಆದರೆ ಪೂರ್ತಿ ಓದು. ಫೋನಿನಲ್ಲಿ ಹೇಳಬಹುದಿತ್ತು. ಫೋನಿನಲ್ಲಿ ಹೇಳಿದ್ದು ನೀನು ‘ಹೂಂ ತಾತ’ ಅಂದ ಕೂಡಲೇ ಮುಗಿದುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

2023ರ ಅಕ್ಟೋಬರ್ 28, ಶನಿವಾರ. ನಾನು ವೆಲಿಂಗ್ಟನ್ನಿನ ನಿಮ್ಮ ಮನೆಯಲ್ಲಿದ್ದೆ. ಧರ್ಮಶಾಲೆಯಲ್ಲಿ ನ್ಯೂಜಿಲೆಂಡ್–ಆಸ್ಟ್ರೇಲಿಯಾ ವಿಶ್ವಕಪ್ ಪಂದ್ಯ. ಅಲ್ಲಿ ಬೆಳಗಿನ ಹತ್ತೂವರೆ, ನಿಮ್ಮಲ್ಲಿ ಸಂಜೆ ಆರು. ಟ್ರಾವಿಸ್ ಹೆಡ್ 67 ಎಸೆತದಲ್ಲಿ 109 ಹೊಡೆದ, ಆಸ್ಟ್ರೇಲಿಯಾ 388ಕ್ಕೆ ಮುಟ್ಟಿತು. ಮುಗಿಯಿತು ಅಂದುಕೊಂಡು ನಾನು ಮಲಗಲು ಎದ್ದರೆ ನೀನು ಬಿಡಲಿಲ್ಲ. ರಚಿನ್ ರವೀಂದ್ರ ಆಡುತ್ತಿದ್ದ. ಅವನು ಹುಟ್ಟಿದ್ದು ನಿಮ್ಮ ವೆಲಿಂಗ್ಟನ್ನಿನಲ್ಲಿ, ಅವನ ಅಪ್ಪ ನಮ್ಮ ಬೆಂಗಳೂರಿನವರು. ಹಾಗಾಗಿ ಅವನು ನಮ್ಮಿಬ್ಬರಿಗೂ ಸೇರಿದವನು ಎಂದು ನೀನು ತೀರ್ಪು ಕೊಟ್ಟಿದ್ದೆ. ಅವನು 116 ಮಾಡಿದ. ನ್ಯೂಜಿಲೆಂಡ್ 383ರವರೆಗೆ ಬಂದು ಐದೇ ಐದು ರನ್ನಿನಿಂದ ಸೋತಿತು. ಆಗ ನಿಮ್ಮ ಗಡಿಯಾರದಲ್ಲಿ ರಾತ್ರಿ ಎರಡು ಗಂಟೆಯ ಹೊತ್ತು. ನೀನು ಸೋಫಾದ ಮೇಲೇ ಮುದುಡಿಕೊಂಡು ಮಲಗಿದೆ.

ಬೆಳಿಗ್ಗೆ ಎಂಟಕ್ಕೆ ಮತ್ತೆ ಟಿ.ವಿ. ಮುಂದೆ. ಪ್ಯಾರಿಸ್ ಪಕ್ಕದ ಸ್ಟಾಡ್ ದ ಫ್ರಾನ್ಸ್ ಮೈದಾನದಲ್ಲಿ ರಗ್ಬಿ ವಿಶ್ವಕಪ್ ಫೈನಲ್, ನ್ಯೂಜಿಲೆಂಡಿಗೆ ಎದುರು ದಕ್ಷಿಣ ಆಫ್ರಿಕಾ. ಅಲ್ಲಿಯವರೆಗೆ ನಾನು ಒಂದು ರಗ್ಬಿ ಪಂದ್ಯವನ್ನೂ ಪೂರ್ತಿ ನೋಡಿದವನಲ್ಲ. ಆಡುವವರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಾರೆ ಎನ್ನುವಷ್ಟೇ ಗೊತ್ತಿತ್ತು. ನೀನು ನಿದ್ದೆಗಣ್ಣಿನಲ್ಲೇ ಪಾಠ ಹೇಳಿದೆ. ಚೆಂಡನ್ನು ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ ಐದು ಪಾಯಿಂಟು, ಅದನ್ನು ಟ್ರೈ ಅನ್ನುತ್ತಾರೆ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೆರಡು. ಪೆನಾಲ್ಟಿಗೆ ಮೂರು. ಕೈಯಿಂದ ಎಸೆಯುವುದಾದರೆ ಚೆಂಡು ಮುಂದಕ್ಕೆ ಹೋಗುವಂತಿಲ್ಲ. ಹಿಂದಕ್ಕೆ ಎಸೆಯುತ್ತ ಎಸೆಯುತ್ತ ಮುಂದಕ್ಕೆ ಹೋಗುವ ಆಟ ಎಂದು ತಿಳಿದಾಗ ನನಗೆ ನಿಜವಾಗಿಯೂ ಸಂತೋಷವಾಯಿತು.

ಮೊದಲರ್ಧದಲ್ಲೇ ನಿಮ್ಮ ನಾಯಕ ಸ್ಯಾಮ್ ಕೇನ್ ಎದುರಾಳಿಯ ತಲೆಗೆ ತಾಗುವಂತೆ ಟ್ಯಾಕಲ್ ಮಾಡಿ ಹೊರನಡೆದ. ಮೊದಲು ಹಳದಿ ಕಾರ್ಡು, ವಿಡಿಯೊ ಪರಿಶೀಲನೆಯ ನಂತರ ಅದು ಕೆಂಪಾಯಿತು. ಪುರುಷರ ವಿಶ್ವಕಪ್ ಫೈನಲ್ಲಿನಲ್ಲಿ ಕೆಂಪು ಕಾರ್ಡು ಕಂಡದ್ದು ಅದೇ ಮೊದಲು. ಉಳಿದ ಹೊತ್ತನ್ನೆಲ್ಲ ಹದಿನಾಲ್ಕೇ ಜನ ಆಡಿದರು. ಬೋಡನ್ ಬ್ಯಾರೆಟ್ ಟ್ರೈ ಮಾಡಿದ. ಕೊನೆಯ ಹೊತ್ತಿನಲ್ಲಿ ಅವನ ತಮ್ಮ ಜೋರ್ಡಿ ದೂರದಿಂದ ಒದ್ದ ಪೆನಾಲ್ಟಿ ಗುರಿ ತಪ್ಪಿತು. 12–11. ಒಂದು ಪಾಯಿಂಟು.

ಅಂದರೆ ಹಿಂದಿನ ರಾತ್ರಿ ಐದು ರನ್ನು, ಬೆಳಿಗ್ಗೆ ಒಂದು ಪಾಯಿಂಟು. ನಿನ್ನ ಕಣ್ಣು ತುಂಬಿದ್ದನ್ನು ನೋಡಿಯೂ ನೋಡದವನಂತೆ ನಾನು ಕೂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ನೀನು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: ‘ಅವರು ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಮೂರನ್ನೂ ಒಂದೊಂದೇ ಪಾಯಿಂಟಿನಿಂದ ಗೆದ್ದಿದ್ದಾರೆ ತಾತ, ಅದು ಸುಮ್ಮನೆ ಆಗುವುದಲ್ಲ.’ ಹೌದು. ಫ್ರಾನ್ಸ್ ಮೇಲೆ 29–28, ಇಂಗ್ಲೆಂಡ್ ಮೇಲೆ 16–15, ಆಮೇಲೆ ಇದು. ಹಾಗೆಂದು ಹೇಳಿ ನೀನು ನಿನ್ನ ತರಗತಿಯ ದಕ್ಷಿಣ ಆಫ್ರಿಕಾದ ಹುಡುಗನಿಗೆ ಅಭಿನಂದನೆ ಕಳಿಸಿದೆ. ಹದಿನಾರು ವರ್ಷದ ನನ್ನ ಮೊಮ್ಮಗ ಇಷ್ಟು ದೊಡ್ಡವನಾದನಲ್ಲ ಎಂದು ನನಗೆ ಹೆಮ್ಮೆಯಾಯಿತು.

ಮೂರು ವಾರ ಕಳೆಯಿತು. ನಾನು ಮೈಸೂರಿಗೆ ಮರಳಿದ್ದೆ. ನವೆಂಬರ್ 19, ಅಹಮದಾಬಾದ್. ಸತತ ಹತ್ತು ಪಂದ್ಯ ಗೆದ್ದು ಬಂದಿದ್ದ ಭಾರತ 240ಕ್ಕೆ ನಿಂತಿತು. ಅದೇ ಟ್ರಾವಿಸ್ ಹೆಡ್ 137 ಹೊಡೆದು ಕಪ್ಪನ್ನು ಎತ್ತಿಕೊಂಡು ಹೋದ. ನಿನಗೆ ಅಲ್ಲಿ ಬೆಳಗಿನ ಜಾವ. ಮಾರನೆಯ ದಿನ ನಿನ್ನ ಮಾವ ತನ್ನ ಫೋನಿನಲ್ಲಿ ನೀನು ಬರೆದದ್ದನ್ನು ತೋರಿಸಿದ. ಕೆ.ಎಲ್. ರಾಹುಲ್ ಬಗ್ಗೆ, 107 ಎಸೆತಕ್ಕೆ 66 ರನ್ ಮಾಡಿದ್ದಕ್ಕೆ, ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಆಡದ ಮಾತುಗಳು. ಅವನ ಮನೆಯವರನ್ನೂ ಬಿಟ್ಟಿರಲಿಲ್ಲ.

ನಾನು ಬೈಯಲು ಕೂತಿಲ್ಲ. ಒಂದೇ ಪ್ರಶ್ನೆ ನನ್ನನ್ನು ಕಾಡಿದೆ. ಅಕ್ಟೋಬರ್ 29ರ ಬೆಳಗಿನ ಹುಡುಗ ನವೆಂಬರ್ 20ರ ಜಾವಕ್ಕೆ ಎಲ್ಲಿಗೆ ಹೋದ?

ರಾಹುಲ್ ಕ್ರೀಸಿಗೆ ಬಂದಾಗ 81ಕ್ಕೆ ಮೂರು ವಿಕೆಟ್ ಹೋಗಿತ್ತು, ಪಿಚ್ಚು ನಿಧಾನವಾಗಿತ್ತು. ಅವನ ಆಟ ನಿಧಾನವಾಯಿತು ಎಂದು ಹೇಳುವ ಹಕ್ಕು ನಿನಗಿದೆ, ನನಗೂ ಹಾಗೇ ಅನ್ನಿಸಿತು. ಆದರೆ ಅದೇ ಟೂರ್ನಿಯಲ್ಲಿ ಭಾರತದ ಮೊದಲ ಪಂದ್ಯ ನೆನಪಿದೆಯೇ? ಅಕ್ಟೋಬರ್ 8, ಚೆನ್ನೈ, ಇದೇ ಆಸ್ಟ್ರೇಲಿಯಾ. ಎರಡು ರನ್ನಿಗೆ ಮೂರು ವಿಕೆಟ್. ಸುಮಾರು ಐವತ್ತು ಓವರ್ ವಿಕೆಟ್ ಹಿಂದೆ ನಿಂತು ಬಂದವನು ಬ್ಯಾಟು ಹಿಡಿದು 97 ಮಾಡಿ ಔಟಾಗದೆ ಉಳಿದ. ಚೆನ್ನೈಯಲ್ಲಿ ನಮ್ಮನ್ನು ಉಳಿಸಿದ ತಾಳ್ಮೆಯೇ ಅಹಮದಾಬಾದಿನಲ್ಲಿ ಸಾಲದೇ ಹೋಯಿತು. ಮನುಷ್ಯ ಒಬ್ಬನೇ, ಸ್ವಭಾವವೂ ಒಂದೇ. ಒಂದನ್ನು ಹೊಗಳಿ ಇನ್ನೊಂದಕ್ಕೆ ಕೊಳಕು ಮಾತು ಬರೆಯುವುದು ಆಟ ಬಲ್ಲವರ ಲಕ್ಷಣವಲ್ಲ.

ಇದು ನಿನ್ನೊಬ್ಬನ ರೋಗವೂ ಅಲ್ಲ, ಇವತ್ತಿನದೂ ಅಲ್ಲ. 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ವೆಂಕಟೇಶ್ ಪ್ರಸಾದ್ ಪಾಕಿಸ್ತಾನದ ಅಮೀರ್ ಸೊಹೇಲನ ಸ್ಟಂಪು ಹಾರಿಸಿದಾಗ ನಮ್ಮ ಬೀದಿಗೆ ಬೀದಿಯೇ ಕುಣಿದಿತ್ತು. ನಾಲ್ಕು ದಿನ ಕಳೆದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ವಿಶ್ವಕಪ್ ಸೆಮಿಫೈನಲ್. ಶ್ರೀಲಂಕಾ ಎದುರು ಭಾರತ 120ಕ್ಕೆ 8 ಆದಾಗ ಪ್ರೇಕ್ಷಕರು ಬಾಟಲಿ ಎಸೆದರು, ಗ್ಯಾಲರಿಯಲ್ಲಿ ಬೆಂಕಿ ಹಚ್ಚಿದರು. ಆಟ ಮುಂದುವರಿಯಲಾಗದೆ ಶ್ರೀಲಂಕಾ ಗೆದ್ದಿತೆಂದು ಘೋಷಿಸಿದರು. ವಿನೋದ್ ಕಾಂಬ್ಳಿ ಅಳುತ್ತ ಹೊರಬಂದದ್ದನ್ನು ನಾವೆಲ್ಲ ನೋಡಿದೆವು. ಸೋತದ್ದಕ್ಕಿಂತ ಹೆಚ್ಚು ನಾಚಿಕೆ ನನಗಾದದ್ದು ಆ ಬೆಂಕಿಯಿಂದ. 2007ರ ವಿಶ್ವಕಪ್ಪಿನಲ್ಲಿ ನಾವು ಮೊದಲ ಸುತ್ತಿನಲ್ಲೇ ಎಡವಿದಾಗ ರಾಂಚಿಯಲ್ಲಿ ಧೋನಿ ಕಟ್ಟಿಸುತ್ತಿದ್ದ ಮನೆಗೆ ಜನ ನುಗ್ಗಿದರು. 2021ರಲ್ಲಿ ಪಾಕಿಸ್ತಾನದ ಎದುರು ಸೋತ ರಾತ್ರಿ ಮೊಹಮ್ಮದ್ ಶಮಿಯ ಧರ್ಮವನ್ನೇ ಹಿಡಿದು ಬೈದರು. ಆಗ ನಾಯಕ ಕೊಹ್ಲಿ ಎದುರು ನಿಂತು ಮಾತಾಡಿದ, ಒಳ್ಳೆಯದು ಮಾಡಿದ.

ಈಗ ಇನ್ನೊಂದು ಮಗ್ಗುಲು ಹೇಳುತ್ತೇನೆ, ಇದನ್ನು ಹೇಳಬೇಕೆಂದೇ ಕಾಗದ ಹಿಡಿದದ್ದು. 1999ರ ಜನವರಿ 31, ಚೆನ್ನೈಯ ಚೆಪಾಕ್. ಪಾಕಿಸ್ತಾನದ ವಿರುದ್ಧ ಟೆಸ್ಟ್, ಗೆಲ್ಲಲು 271 ಬೇಕು. ಸಚಿನ್ ಬೆನ್ನು ನೋವಿನಲ್ಲಿ 136 ಹೊಡೆದು ಗೆಲುವಿನ ಹೊಸ್ತಿಲವರೆಗೆ ತಂದು ಔಟಾದ. ಉಳಿದವರು ಸಾಲಾಗಿ ಹೋದರು. ಹನ್ನೆರಡು ರನ್ನಿನ ಸೋಲು. ಟಿ.ವಿ. ಮುಂದೆ ಕೂತಿದ್ದ ನನಗೆ ಎದ್ದು ಅದನ್ನು ಆರಿಸುವ ತ್ರಾಣವೂ ಇರಲಿಲ್ಲ. ಆಗ ಚೆಪಾಕ್‌ನ ಜನ ಎದ್ದು ನಿಂತರು. ಒಬ್ಬಿಬ್ಬರಲ್ಲ, ಇಡೀ ಮೈದಾನ. ಎದ್ದು ಚಪ್ಪಾಳೆ ತಟ್ಟಿದರು. ವಾಸಿಂ ಅಕ್ರಂ ತನ್ನ ತಂಡವನ್ನು ಕರೆದುಕೊಂಡು ಮೈದಾನಕ್ಕೆ ಒಂದು ಸುತ್ತು ಬಂದ. ಚಪ್ಪಾಳೆ ನಿಲ್ಲಲಿಲ್ಲ. ಕಾರ್ಗಿಲ್ ಯುದ್ಧ ನಡೆದ ವರ್ಷ ಅದು, ನೆನಪಿಡು. ಆ ಜನರಿಗೆ ಭಾರತದ ಮೇಲೆ ಪ್ರೀತಿ ಕಡಿಮೆ ಇತ್ತೇ? ಮುಂದಿನ ಟೆಸ್ಟಿನಲ್ಲೇ, ದೆಹಲಿಯಲ್ಲಿ, ನಮ್ಮ ಅನಿಲ್ ಕುಂಬ್ಳೆ 74 ರನ್ನಿಗೆ ಹತ್ತೂ ವಿಕೆಟ್ ಕಿತ್ತ. ಆವತ್ತು ಮೈಸೂರಿನಲ್ಲಿ ನಾವು ಹಂಚಿದ ಸಿಹಿಯ ರುಚಿ ಚೆಪಾಕ್‌ನ ಚಪ್ಪಾಳೆಯಿಂದ ಹೆಚ್ಚಿತೇ ಹೊರತು ಕಮ್ಮಿಯಾಗಲಿಲ್ಲ.

ರಗ್ಬಿಯಲ್ಲಿ ಎಲ್ಲವೂ ಸರಿ ಎಂದು ನಾನು ಹೇಳುತ್ತಿಲ್ಲ. ರೆಫರಿಯ ಹತ್ತಿರ ನಾಯಕ ಮಾತ್ರ ಮಾತಾಡಬೇಕು, ರೆಫರಿ ಹೇಳುವ ಪ್ರತಿ ಕಾರಣವೂ ಮೈಕಿನಲ್ಲಿ ಮನೆಯವರೆಗೆ ಕೇಳಿಸುತ್ತದೆ. ಈ ಎರಡು ನಡವಳಿಕೆ ನನಗೆ ಬಹಳ ಹಿಡಿಸಿದವು. ಆದರೂ ಅದೇ ಫೈನಲ್ಲಿನ ಬಳಿಕ ವಿಡಿಯೊ ರೆಫರಿ ಟಾಮ್ ಫೋಲಿ ಜನರ ನಿಂದನೆ ತಾಳಲಾರದೆ ಅಂತರರಾಷ್ಟ್ರೀಯ ಪಂದ್ಯಗಳಿಂದ ದೂರ ಸರಿದರು. ಇಂಗ್ಲೆಂಡಿನ ನಾಯಕ ಓವನ್ ಫ್ಯಾರೆಲ್ ಮನಸ್ಸಿನ ನೆಮ್ಮದಿಗಾಗಿ ದೇಶದ ತಂಡವನ್ನೇ ಬಿಟ್ಟು ನಿಂತ. ಕೊಳಕು ಮಾತಿಗೆ ಆಟದ ಭೇದವಿಲ್ಲ. ಬರೆಯುವ ಬೆರಳೇ ತಡೆದುಕೊಳ್ಳಬೇಕು.

ಎರಡು ಆಟ ಎರಡು ಲೋಕ ಎಂದೂ ತಿಳಿಯಬೇಡ. ನಮೀಬಿಯಾದ ರೂಡಿ ವಾನ್ ವೂರೆನ್ ಎಂಬ ವೈದ್ಯ 2003ರಲ್ಲಿ ಕ್ರಿಕೆಟ್ ವಿಶ್ವಕಪ್ಪನ್ನೂ ಆಡಿದ, ಅದೇ ವರ್ಷ ರಗ್ಬಿ ವಿಶ್ವಕಪ್ಪನ್ನೂ ಆಡಿದ. ಇಂಗ್ಲೆಂಡ್–ಸ್ಕಾಟ್ಲೆಂಡ್ ರಗ್ಬಿ ಪಂದ್ಯಕ್ಕೆ ಕೊಡುವ ಕಪ್ಪಿನ ಹೆಸರು ಕಲ್ಕತ್ತಾ ಕಪ್. ಅಲ್ಲಿನ ರಗ್ಬಿ ಕ್ಲಬ್ಬು ಮುಚ್ಚಿದಾಗ ಉಳಿದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ 1878ರಲ್ಲಿ ಮಾಡಿಸಿದ್ದು. ಹಿಡಿಕೆಗಳು ಮೂರು ನಾಗರಹಾವು, ಮುಚ್ಚಳದ ಮೇಲೊಂದು ಆನೆ. ಮುಂದಿನ ಸಲ ಟಿ.ವಿ.ಯಲ್ಲಿ ಬಂದಾಗ ಗಮನಿಸು.

ನನ್ನ ಮಾತು ಕೇಳುವುದಾದರೆ ಪ್ರತಿ ಟೂರ್ನಿಯಲ್ಲೂ ನಿನ್ನದಲ್ಲದ ಒಂದು ಸಣ್ಣ ತಂಡವನ್ನು ಹಿಂಬಾಲಿಸು. 2011ರ ಮಾರ್ಚ್ 2ರಂದು ನಾನು ಚಿನ್ನಸ್ವಾಮಿಯಲ್ಲಿದ್ದೆ. ಇಂಗ್ಲೆಂಡಿನ 327ರ ಎದುರು ಐರ್ಲೆಂಡ್ 111ಕ್ಕೆ 5. ಅಕ್ಕಪಕ್ಕದವರು ಊಟದ ಡಬ್ಬಿ ಕಟ್ಟುತ್ತಿದ್ದರು. ಗುಲಾಬಿ ಬಣ್ಣದ ಕೂದಲಿನ ಕೆವಿನ್ ಓ'ಬ್ರಯನ್ ಹೊಡೆಯಲು ನಿಂತ. 50 ಎಸೆತಕ್ಕೆ ನೂರು. ಕೊನೆಯ ಓವರಿನ ಹೊತ್ತಿಗೆ ಅಲ್ಲಿದ್ದ ಬೆಂಗಳೂರಿಗರೆಲ್ಲ ಐರ್ಲೆಂಡಿನವರಾಗಿದ್ದೆವು. ನನ್ನ ಜೀವಮಾನದಲ್ಲಿ ಮೈದಾನಕ್ಕೆ ಹೋಗಿ ನೋಡಿದ ಪಂದ್ಯಗಳಲ್ಲಿ ಅದೇ ಶ್ರೇಷ್ಠ, ಭಾರತ ಅದರಲ್ಲಿ ಆಡಿರಲೇ ಇಲ್ಲ. 2023ರಲ್ಲಿ ಪೋರ್ಚುಗಲ್ ರಗ್ಬಿ ವಿಶ್ವಕಪ್ಪಿನ ತನ್ನ ಮೊದಲ ಗೆಲುವನ್ನು ಫಿಜಿಯ ಮೇಲೆ 24–23ರಿಂದ ಪಡೆಯಿತಲ್ಲ, ಆ ದೇಶದ ಮಕ್ಕಳಿಗೆ ಅದು ಎಂಥ ರಾತ್ರಿಯಾಗಿದ್ದಿರಬೇಕು!

ಆಟದ ಮೇಲೆ ದುಡ್ಡು ಕಟ್ಟಬೇಡ, ಹತ್ತು ಡಾಲರನ್ನೂ. ದುಡ್ಡು ಬಂದ ಮೇಲೆ ಕಣ್ಣು ಚೆಂಡಿನ ಮೇಲಿರುವುದಿಲ್ಲ.

ಇನ್ನೊಂದು ಮಾತು, ಇದು ನಿನಗೂ ನಮ್ಮೂರಿನ ನಿನ್ನ ವಾರಿಗೆಯವರಿಗೂ. 2025ರ ಜೂನ್ 4ರಂದು ಚಿನ್ನಸ್ವಾಮಿಯ ಹೊರಗೆ ವಿಜಯೋತ್ಸವಕ್ಕೆ ಬಂದ ಜನರ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ನಾನು ಐರ್ಲೆಂಡಿಗೆ ಕೂಗಿದ್ದ ಅದೇ ಮೈದಾನ. ಆ ವರ್ಷ ಅಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರಿನ ಕೈತಪ್ಪಿ ನವಿ ಮುಂಬೈಗೆ ಹೋದವು. ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು ಸೋಲಿಸಿ ಮೊದಲ ಸಲ ಕಪ್ಪು ಎತ್ತಿದ್ದು ಅಲ್ಲಿಯೇ. ಗೇಟಿನ ಹತ್ತಿರ ಜನ ಒತ್ತಿಕೊಳ್ಳುತ್ತಿದ್ದರೆ ಯಾರು ಬಂದಿರಲಿ, ಯಾವ ಕಪ್ಪೇ ಇರಲಿ, ಹಿಂದಕ್ಕೆ ಬಾ. ಮನೆಯಲ್ಲಿ ನಿನ್ನನ್ನು ಕಾಯುವವರಿಗೆ ಯಾವ ಕಪ್ಪೂ ಬೇಕಿಲ್ಲ.

2027ರ ಅಕ್ಟೋಬರ್–ನವೆಂಬರ್‌ನಲ್ಲಿ ಮತ್ತೆ ಎರಡೂ ಒಟ್ಟಿಗೆ ಬರುತ್ತಿವೆ. ಆಸ್ಟ್ರೇಲಿಯಾದಲ್ಲಿ ರಗ್ಬಿ, ದಕ್ಷಿಣ ಆಫ್ರಿಕಾ–ಜಿಂಬಾಬ್ವೆ–ನಮೀಬಿಯಾಗಳಲ್ಲಿ ಕ್ರಿಕೆಟ್. ಅಷ್ಟು ಹೊತ್ತಿಗೆ ನನ್ನ ಆರೋಗ್ಯ ಒಪ್ಪಿದರೆ ನಿಮ್ಮ ಸೋಫಾದ ಇನ್ನೊಂದು ತುದಿ ನನಗಿರಲಿ.

ರಾಹುಲ್ 2025ರ ಮಾರ್ಚ್ 9ರಂದು ದುಬೈನಲ್ಲಿ, ಚಾಂಪಿಯನ್ಸ್ ಟ್ರೋಫಿ ಫೈನಲ್ಲಿನಲ್ಲಿ, ನಿಮ್ಮ ನ್ಯೂಜಿಲೆಂಡಿನ ಎದುರು ಕೊನೆಯವರೆಗೂ ನಿಂತು ಭಾರತವನ್ನು ಗೆಲ್ಲಿಸಿದ. ಆವತ್ತು ನೀನು ಅವನ ಚಿತ್ರ ಹಾಕಿ ಹೊಗಳಿದ್ದನ್ನೂ ಮಾವ ತೋರಿಸಿದ. ಅದರ ಕೆಳಗೆ ಸ್ವಲ್ಪ ದೂರ ಹೋದರೆ ಹಳೆಯ ಮಾತು ಇನ್ನೂ ಹಾಗೇ ಇದೆ. ಮಗೂ, ಇದನ್ನು ಓದಿ ಮುಗಿಸಿದ ಕೂಡಲೇ ಮೊದಲು ಅದನ್ನು ಅಳಿಸು.