ಮುತ್ಯಾ ಹೇಳುವ ಮಾಮಲೇದಾರ ಯಾರು?

ಇಳಕಲ್ಲಿನ ಓದುಗರೊಬ್ಬರ ಪ್ರಶ್ನೆ: ನಮ್ಮ ಮುತ್ಯಾ ಹುನಗುಂದದ ತಾಲ್ಲೂಕು ಕಚೇರಿಗೆ ಈಗಲೂ ‘ಮಾಮಲೇದಾರ ಕಚೇರಿ’ ಎನ್ನುತ್ತಾರೆ. ಫಲಕದ ಮೇಲೆ ‘ತಹಶೀಲ್ದಾರ್’ ಎಂದಿದೆ. ಮೈಸೂರಿನ ಬೀಗರು ‘ಅಮಲ್ದಾರ’ ಎನ್ನುತ್ತಾರೆ. ಇವು ಮೂರು ಬೇರೆ ಬೇರೆ ಹುದ್ದೆಗಳೇ? ಇವರಲ್ಲಿ ದೊಡ್ಡವರು ಯಾರು?

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಒಂದೇ ಮನೆಯಲ್ಲಿ ಮೂರು ಹೆಸರು ಕೇಳಿಬಂದರೆ ಯಾರಿಗಾದರೂ ಗೊಂದಲವಾಗುತ್ತದೆ. ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ: ಮೂವರೂ ಒಂದೇ. ತಾಲ್ಲೂಕಿನ ಕಂದಾಯ ಆಡಳಿತ ನೋಡುವ ಅಧಿಕಾರಿಗೆ ಮೂರು ಸೀಮೆಗಳಲ್ಲಿ ಮೂರು ಹೆಸರಿದ್ದವು, ಅಷ್ಟೇ.

ಬಾಗಲಕೋಟೆ, ಬಾದಾಮಿ, ಹುನಗುಂದಗಳು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಅಲ್ಲಿ ಮಾಮಲೇದಾರ. ಮೈಸೂರು ಸಂಸ್ಥಾನದಲ್ಲಿ ಅಮಲ್ದಾರ. ನಿಮ್ಮೂರಿನ ನೆರೆಯ ಕುಷ್ಟಗಿ ನಿಜಾಮರ ಸೀಮೆ, ಅಲ್ಲಿ ತಹಶೀಲ್ದಾರ. ಇಳಕಲ್ ಸೀರೆಯ ಗಂಟು ಹೊತ್ತು ಕುಷ್ಟಗಿ ಕಡೆ ಹೋದವರಿಗೆ ದಾರಿಯಲ್ಲಿ ಸಾಹೇಬರ ಹೆಸರು ಬದಲಾಗುತ್ತಿತ್ತು.

ಇನ್ನು ಪದಗಳ ಮೂಲ. ಮೂರರ ಕೊನೆಯಲ್ಲೂ ಇರುವ ‘ದಾರ’ ಪಾರಸಿಯದು. ಹೊಂದಿದವನು, ವಹಿಸಿಕೊಂಡವನು ಎಂದರ್ಥ. ಇನಾಮದಾರ, ವತನದಾರ, ಹವಾಲ್ದಾರರಲ್ಲೂ ಅದೇ ಇದೆ. ಮೊದಲ ಭಾಗಗಳು ಅರಬ್ಬಿಯಿಂದ ಬಂದವು. ‘ಮಾಮಲೆ’ ಅಂದರೆ ವ್ಯವಹಾರ, ‘ಅಮಲ್’ ಅಂದರೆ ಕೆಲಸ ಅಥವಾ ಆಡಳಿತ, ‘ತಹಸೀಲ್’ ಅಂದರೆ ಸಂಗ್ರಹ, ಇಲ್ಲಿ ಕಂದಾಯದ ಸಂಗ್ರಹ. ಸ್ವಾರಸ್ಯವೇನೆಂದರೆ ಅಮಲ್, ಮಾಮಲೆ ಎರಡೂ ಒಂದೇ ಅರಬ್ಬಿ ಧಾತುವಿನ ಮಕ್ಕಳು. ‘ಮಾಮೂಲು’ ಕೂಡ ಅವುಗಳ ತಮ್ಮನೇ! ಅದರ ಮೂಲ ಅರ್ಥ ‘ರೂಢಿಯಲ್ಲಿರುವುದು’. ಕಚೇರಿಗಳಲ್ಲಿ ಅದು ಪಡೆದ ಇನ್ನೊಂದು ಅರ್ಥವನ್ನು ನಿಮಗೆ ವಿವರಿಸಬೇಕಿಲ್ಲ. ತಹಸೀಲಿನ ಬಳಗದ ಪದ ‘ಮಹಸೂಲು’. ‘ವಸೂಲಿ’ಯೂ ಹಾಗೇ ಕೇಳಿಸುತ್ತದೆ, ಆದರೆ ಅದರ ಧಾತು ಬೇರೆ.

ಇಲ್ಲೊಂದು ಸಂದೇಹ ಬರಬಹುದು: ಅಮಲ್ದಾರನಿಗೂ ಹೆಂಡದ ಅಮಲಿಗೂ ಏನಾದರೂ ನಂಟಿದೆಯೇ? ಪದದ ಮಟ್ಟಿಗೆ ಇದೆ. ‘ಅಮಲ್’ ಎಂದರೆ ಕೆಲಸ, ಅದರಿಂದ ಪರಿಣಾಮ ಎಂಬ ಅರ್ಥವೂ ಹುಟ್ಟಿತು. ಮದ್ಯ ಮೈಮೇಲೆ ಮಾಡುವ ‘ಕೆಲಸ’ವೂ ಅಮಲೇ ಆಯಿತು. ಕೋರ್ಟಿನ ‘ಅಮಲ್ಜಾರಿ’ಯಲ್ಲಿ ಮಾತ್ರ ಹಳೆಯ ಅರ್ಥ ಹಾಗೇ ಉಳಿದಿದೆ.

ಮಾಮಲೇದಾರನೆಂಬ ಹೆಸರು ಒಂದೇ ಇದ್ದರೂ ಅಧಿಕಾರ ಎಲ್ಲ ಕಾಲಕ್ಕೂ ಒಂದೇ ಅಳತೆಯದಾಗಿರಲಿಲ್ಲ. ಪೇಶ್ವೆಯವರ ಕಾಲದಲ್ಲಿ ಮಾಮಲೇದಾರನೆಂದರೆ ಸರಕಾರ ನೇಮಿಸಿದ ದೊಡ್ಡ ಅಧಿಕಾರಿ. ಕಂದಾಯದ ಜೊತೆಗೆ ನ್ಯಾಯ, ಕಾವಲು ಎಲ್ಲವೂ ಅವನ ಕೈಯಲ್ಲಿದ್ದವು. ದೇಸಾಯಿ, ದೇಶಪಾಂಡೆ, ಪಾಟೀಲ, ಕುಲಕರ್ಣಿಗಳದು ವಂಶಪಾರಂಪರ್ಯದ ವತನ. ಆ ಹುದ್ದೆಗಳು ಮನೆತನದಲ್ಲೇ ಉಳಿದು ಅಡ್ಡಹೆಸರುಗಳಾದವು. ಮಾಮಲೇದಾರ ಹಾಗಲ್ಲ, ಸರಕಾರ ಕಳಿಸಿದಲ್ಲಿಗೆ ಹೋಗುವವನು. 1818ರಲ್ಲಿ ಪೇಶ್ವೆಯವರ ಆಳ್ವಿಕೆ ಮುಗಿದಾಗ ಇಂಗ್ಲಿಷರು ಹೆಸರನ್ನು ಉಳಿಸಿಕೊಂಡು ಅವನನ್ನು ಕಲೆಕ್ಟರರ ಕೈಕೆಳಗೆ ತಾಲ್ಲೂಕಿನಲ್ಲಿ ಕೂರಿಸಿದರು. ನಿಮ್ಮ ಕಡೆಯ ಮಾಮಲೇದಾರರು ಒಂದು ಕಾಲಕ್ಕೆ ಕಲಾದಗಿಯ ಕಲೆಕ್ಟರರಿಗೂ, 1885ರಲ್ಲಿ ಜಿಲ್ಲಾ ಕೇಂದ್ರ ಸ್ಥಳಾಂತರವಾದ ಮೇಲೆ ವಿಜಾಪುರಕ್ಕೂ ಲೆಕ್ಕ ಒಪ್ಪಿಸಿದರು.

ಹಳಬರ ಬಾಯಲ್ಲಿ ಈ ಹೆಸರು ಗಟ್ಟಿಯಾಗಿ ನಿಲ್ಲಲು ಇನ್ನೊಂದು ಕಾರಣ ಕಾಣುತ್ತದೆ. ಮುಂಬಯಿ ಸರಕಾರ 1906ರಲ್ಲಿ ಮಾಮಲೇದಾರ ಕೋರ್ಟುಗಳ ಕಾಯ್ದೆ ಮಾಡಿತ್ತು. ಹೊಲಕ್ಕೆ ಹರಿಯುವ ನೀರಿಗೆ ಯಾರಾದರೂ ಅಡ್ಡ ಒಡ್ಡು ಹಾಕಿದರೆ, ಅಥವಾ ರೈತನನ್ನು ಅವನ ಜಮೀನಿನಿಂದ ಅಕ್ರಮವಾಗಿ ಹೊರಹಾಕಿದರೆ, ಈ ಕೋರ್ಟಿಗೆ ದೂರು ಕೊಡಬಹುದಿತ್ತು. ಒಕ್ಕಲುತನದ ಮನೆಗೆ ಇಂಥ ಜಗಳ ಹೊಸದಲ್ಲ, ಹೀಗಾಗಿ ಮಾಮಲೇದಾರನ ಹೆಸರೂ ಹೊಸದಾಗಿರಲಿಲ್ಲ.

ರಾಜ್ಯ ಒಂದಾದ ಮೇಲೆ 1964ರ ಕರ್ನಾಟಕ ಭೂಕಂದಾಯ ಅಧಿನಿಯಮ ಎಲ್ಲ ತಾಲ್ಲೂಕುಗಳಿಗೂ ‘ತಹಶೀಲ್ದಾರ್’ ಎಂಬ ಒಂದೇ ಹೆಸರನ್ನು ಇಟ್ಟಿತು. ನಿಮ್ಮ ಮುತ್ಯಾ ಹಳೆಯದನ್ನು ಬಿಡಲಿಲ್ಲ, ಬಿಡಬೇಕಾಗಿಯೂ ಇಲ್ಲ. ಗೋವಾ, ಗುಜರಾತಿನ ಸರಕಾರಿ ಫಲಕಗಳ ಮೇಲೆ ಇಂದಿಗೂ ಇರುವುದು ಅವರು ಹೇಳುವ ಹೆಸರೇ.